ಯತೀಮ್ ನೂಮಾನನ ಅಪ್ಪ

ಟೆಂಪೋದ ಹಿಂಬಾಗಿಲಿನ ಚಿಲಕ ಕಚ್ಚಿಕೊಂಡುಬಿಟ್ಟಿತ್ತು. ಟೆಂಪೋದ ಒಡೆಯ ತಿಮ್ಮಯ್ಯ ಎರಡು ಸಲ ಒದ್ದ, ಜಗ್ಗಲಿಲ್ಲ. ನೂಮಾನ್ ತನ್ನ ತಗಡಿನ ಅಂಗಡಿಯಿಂದ ಸುತ್ತಿಗೆ ತಂದು ಚಿಲಕದ ಬುಡಕ್ಕೆ ಕೆಳಗಿನಿಂದ ಒಂದು ಏಟು ಕೊಟ್ಟ. ಬಾಗಿಲು ಧಡಾರನೆ ಕೆಳಗೆ ಬಿತ್ತು. ಒಳಗೆ, ಹೊಗೆಸೊಪ್ಪಿನ ಬೇಲು ಕಟ್ಟುವ ಗೋಣಿತಾಟಿನ ಮೇಲೆ ಅವನ ಅಪ್ಪ ಅಸದುಲ್ಲಾ ಅಂಗಾತ ಮಲಗಿದ್ದ. ಬಾಯಿ ತೆರೆಯದಿರಲೆಂದು ತಿಮ್ಮಯ್ಯ ತನ್ನ ಕೆಂಪು ಟವೆಲನ್ನು ಗದ್ದದಿಂದ ನೆತ್ತಿಗೆ ಸುತ್ತಿ ಕಟ್ಟಿದ್ದ.

"ಈ ಚಿಲ್ಕ ಸರಿ ಮಾಡ್ಕೊಡ್ತೀನಿ ಅಂತ ಹ್ವಾದ ವರ್ಸದಿಂದ ಯೋಳ್ತಿದ್ದ ಕಣಪ್ಪ ಅಸದಣ್ಣ," ಎಂದ ತಿಮ್ಮಯ್ಯ.

"ಹೇಳೋದಕ್ಕೇನು ಕಮ್ಮಿ ಇರಲಿಲ್ಲ ಬಿಡಿ," ಎಂದ ನೂಮಾನ್.

ಓಣಿಯ ನಾಲ್ಕು ಜನ ಬಂದು ಕೈ ಹಾಕಿದರು. ಕಾಲಿನ ಕಡೆ ಪಂಕ್ಚರ್ ಅಂಗಡಿಯ ಮುನೀರ್ ಇದ್ದ. ಹೆಣವನ್ನು ಅರ್ಧ ಎತ್ತಿದ್ದಾರೆ, ಅಷ್ಟರಲ್ಲಿ ಮಸೀದಿಯ ಮೈಕು ಗೊರಗೊರ ಎಂದಿತು. ಬಾಂಗ್ ಕೂಗುವ ಮುಅಜ್ಜಿನ್ ಉರ್ದುವಿನಲ್ಲಿ ಒಂದು ಸಲ ಹೇಳಿ, ಕನ್ನಡದಲ್ಲೂ ಹೇಳಿದ.

"ಎಲ್ಲರ ಗಮನಕ್ಕೆ. ನಮ್ಮ ಮೊಹಲ್ಲಾದ ಯತೀಮ್ ನೂಮಾನ್ ಅವರ ತಂದೆ ಅಸದುಲ್ಲಾ ಸಾಹೇಬರು ತೀರಿಕೊಂಡಿದ್ದಾರೆ. ಸಂಜೆ ಅಸರ್ ನಮಾಜಿನ ನಂತರ ಜನಾಜಾ ಹೊರಡುತ್ತದೆ."

ಯತೀಮ್ ಅಂದರೆ ಅಪ್ಪ ಸತ್ತ ಮಗು. ಮೂವತ್ತು ದಾಟಿದ ನೂಮಾನನಿಗೆ ಅದು ಅಡ್ಡಹೆಸರು. ಓಣಿಯಲ್ಲಿ ಬೇಕರಿ ನೂಮಾನ್ ಇನ್ನೊಬ್ಬನಿದ್ದ, ಗುರುತಿಗೆ ಇವನು ಯತೀಮ್ ನೂಮಾನ್. ಮುಅಜ್ಜಿನ್ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಎದುರು ಮನೆಯ ಮಹಡಿಯ ಮೇಲೆ ಯಾರೋ ಕಿಸಕ್ಕೆಂದರು. ಕಾಲು ಹಿಡಿದಿದ್ದ ಮುನೀರನ ಹೆಗಲು ಕುಲುಕತೊಡಗಿತು. ನಗು ತಡೆಯಲಾರದೆ ಅವನು ಮುಖವನ್ನು ಅತ್ತ ತಿರುಗಿಸಿದ. ಅಸದುಲ್ಲಾನ ಕಾಲುಗಳೂ ಜೊತೆಗೆ ಕುಲುಕಿದವು.

"ಗಟ್ಟಿಯಾಗಿ ಹಿಡಿಯೋ ನಾಯಿ," ಎಂದ ನೂಮಾನ್.

*

ಅಸದುಲ್ಲಾ ಹುಣಸೂರು ಸೀಮೆಯ ಹೊಗೆಸೊಪ್ಪಿನ ಬ್ಯಾರನ್‌ಗಳಿಗೆ ತಗಡಿನ ಕೊಳವೆ ಮಾಡಿಕೊಡುತ್ತಿದ್ದ. ಸೊಪ್ಪು ಬೇಯುವ ಮನೆಯೊಳಗೆ ಒಲೆಯ ಶಾಖ ಹರಿಯುವುದು ಆ ಕೊಳವೆಯಲ್ಲಿ. ಕೆಲಸದಲ್ಲಿ ಹೆಸರೂ ಇರಲಿಲ್ಲ, ದೂರೂ ಇರಲಿಲ್ಲ. ಒಂದು ವರ್ಷ ಬ್ಯಾರನ್ನಿನ ಸೂರಿನಿಂದ ಬಿದ್ದು ಸೊಂಟ ಮುರಿದುಕೊಂಡು ಮಂಚ ಹಿಡಿದ. ಆಗ ನೂಮಾನ್ ಮೂರನೇ ಕ್ಲಾಸು.

ಅದೇ ವರ್ಷ ಮೊಹಲ್ಲಾದಲ್ಲಿ ಯತೀಮರು ಕಡಿಮೆ ಬಿದ್ದರು.

ಸಾಮಿಲ್ ಮನೆಯವರು ವರ್ಷವಿಡೀ ಮರ ಕೊಯ್ಯುತ್ತಿದ್ದರು. ರಂಜಾನಿನ ಇಪ್ಪತ್ತೇಳನೇ ರೋಜಾದ ದಿನ ಮಾತ್ರ ದಾನ ಮಾಡುತ್ತಿದ್ದರು. ಅದು ಅವರ ಮನೆತನದ ಪದ್ಧತಿ. ಓಣಿಗೆ ಅಡ್ಡಲಾಗಿ ಶಾಮಿಯಾನ ಏಳುತ್ತಿತ್ತು. ಯತೀಮ್ ಹುಡುಗರಿಗೆ ಹಬ್ಬದ ಬಟ್ಟೆ, ಬೇವಾಗಳಿಗೆ, ಅಂದರೆ ಗಂಡ ಸತ್ತವರಿಗೆ, ಸೀರೆ. ಒಂದು ಮೂಲೆಯಲ್ಲಿ ಬಿಪಿ ನೋಡುವ ಟೇಬಲ್ಲು. ಬೆಳಿಗ್ಗೆ ಮನೆಯ ಗಂಡಸರೇ ಕೈಗೆ ರಬ್ಬರಿನ ಗವಸು ತೊಟ್ಟು ಮೊಹಲ್ಲಾದ ಚರಂಡಿ ಚೊಕ್ಕ ಮಾಡುತ್ತಿದ್ದರು, ಶಾಮಿಯಾನ ಎಲ್ಲಿಂದ ಎಲ್ಲಿಯವರೆಗೆ ಇದೆಯೋ ಅಷ್ಟು ಉದ್ದ. ಮೈಸೂರಿನಿಂದ ದೊಡ್ಡವರು ಬಂದು ನೋಡಿ, ಮೆಚ್ಚಿ, ಫೋಟೋದಲ್ಲಿ ನಿಂತು, ಸಂಜೆ ರೋಜಾದ ಉಪವಾಸ ಬಿಟ್ಟು ಹೋಗುತ್ತಿದ್ದರು.

ಆ ವರ್ಷ ಬಟ್ಟೆ ಬಂದಿತ್ತು, ಅತಿಥಿಗಳು ಒಪ್ಪಿದ್ದರು, ಹುಡುಗರ ಸಾಲು ಮಾತ್ರ ಗಿಡ್ಡವಾಗಿತ್ತು. ಸಾಮಿಲ್ ದೊಡ್ಡ ಸಾಹೇಬರು ತಾವೇ ಅಸದುಲ್ಲಾನ ಮನೆಗೆ ಬಂದರು. ಮಂಚದ ಹತ್ತಿರ ಕೂರಲಿಲ್ಲ. ಬಾಗಿಲಲ್ಲೇ ನಿಂತರು.

"ಒಂದು ದಿನದ ಮಾತು ಅಸದುಲ್ಲಾ. ಹುಡುಗ ಬಂದು ಸಾಲಲ್ಲಿ ನಿಂತರೆ ಸಾಕು. ನಿನ್ನ ಹೆಂಡತಿ ಜೀನತುನ್ನೀಸಾಗೂ ಒಂದು ಸೀರೆ ಆಗುತ್ತೆ."

"ನಾನಿನ್ನೂ ಬದುಕಿದ್ದೀನಲ್ಲ ಸಾಹೇಬ್ರೇ."

"ನೀನು ಬದುಕಿರೋದು ಮೈಸೂರಿನವರಿಗೇನು ಗೊತ್ತು?"

ಬದುಕಿರುವ ಬಡವನ ಮಗನಿಗೂ ಒಂದು ಜೊತೆ ಬಟ್ಟೆ ಕೊಡಬಹುದಿತ್ತು. ಯಾವ ಮೌಲ್ವಿಯೂ ಬೇಡ ಅನ್ನುತ್ತಿರಲಿಲ್ಲ. ಆದರೆ ಫೋಟೋದಲ್ಲಿ ಬಡವನ ಮಗ ಯಾರ ಮಗನಂತೆಯೂ ಕಾಣುತ್ತಾನೆ. ಯತೀಮನ ತಲೆಯ ಮೇಲೆ ಕೈಯಿಟ್ಟರೆ ಅದರ ಬೆಲೆಯೇ ಬೇರೆ.

ಅಸದುಲ್ಲಾ ಜಂತೆ ನೋಡುತ್ತಾ ನಕ್ಕ. ಆ ನಗು ನೂಮಾನನ ಮೈಯನ್ನು ಇವತ್ತಿಗೂ ಉರಿಸುತ್ತಿತ್ತು.

"ಹಂಗಾದ್ರೆ ಸಾಯ್ತೀನಿ ಬಿಡಿ. ಹುಡುಗನ ಪ್ಯಾಂಟು ಮಾತ್ರ ಒಂಚೂರು ಉದ್ದ ಇರ್ಲಿ. ಬೆಳೀತಾ ಇದ್ದಾನೆ."

ಆ ವರ್ಷ ಅವರ ಬಾಗಿಲಿಗೆ ಒಂದು ದುಪ್ಪಟಿ ಇಳಿಬಿಟ್ಟರು, ಅತಿಥಿಗಳು ಇಣುಕಿದರೂ ಸತ್ತವನು ಕಾಣದಿರಲೆಂದು. ಮಾರನೇ ವರ್ಷ ಸೊಂಟ ಕೂಡಿಕೊಂಡಿತು, ಅಸದುಲ್ಲಾ ಎದ್ದು ಓಡಾಡುವವನಾದ. ಅವನು ಎದ್ದರೂ ಪದ್ಧತಿ ಬೀಳಲಿಲ್ಲ. ಆ ದಿನ ಬೆಳಿಗ್ಗೆ ಹಂಪಾಪುರದ ಹತ್ತಿರ ತಿಮ್ಮಯ್ಯನ ಬ್ಯಾರನ್ನಿಗೆ ಹೋಗಿಬಿಡುತ್ತಿದ್ದ. ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಎಲ್ಲಿಗೆಂದು ಕೇಳಿದರೆ "ಸಾಯೋಕೆ ಹೊಂಟೆ, ನಾಳೆ ಬತ್ತೀನಿ" ಅನ್ನುತ್ತಿದ್ದ.

ಸಾಲಿನಲ್ಲಿ ನಿಂತ ನೂಮಾನನನ್ನು ಅತಿಥಿಗಳು ಕೇಳುತ್ತಿದ್ದರು: ಅಪ್ಪ ಏನಾಗಿ ತೀರಿಕೊಂಡರು, ಮರಿ? ಒಂದು ವರ್ಷ ಲಾರಿ ಅಂದ. ಒಂದು ವರ್ಷ ಹಾವು. ಇನ್ನೊಂದು ವರ್ಷ ಏನೂ ಹೊಳೆಯದೆ ಕಾಕನಕೋಟೆಯಲ್ಲಿ ಆನೆ ತುಳಿಯಿತು ಅಂದುಬಿಟ್ಟ. ಮೈಸೂರಿನ ಹೆಂಗಸೊಬ್ಬರು ಅಲ್ಲೇ ಅತ್ತು, ತಮ್ಮ ಕಾರಿನಿಂದ ಒಂದು ದೊಡ್ಡ ಡಬ್ಬಿ ಸಿಹಿ ತರಿಸಿ ಅವನ ಕೈಗೆ ಕೊಟ್ಟರು.

ಮಾರನೇ ದಿನ ಅಸದುಲ್ಲಾ ಬಂದು ಜಗಲಿಯ ಮೇಲೆ ಕೂತ. ಸಂಜೆಯ ಮಗ್ರಿಬ್ ಬಾಂಗ್ ಆದದ್ದೇ ಡಬ್ಬಿ ತೆಗೆದ.

"ಈ ಸಲ ಯಾವುದರಲ್ಲಿ ಹೋದೆ ನಾನು?"

"ಆನೆ."

"ಆನೆ!" ಅವನು ಬಾಯ್ತುಂಬ ಸಿಹಿ ಇಟ್ಟುಕೊಂಡೇ ನಕ್ಕ. "ಒಳ್ಳೇ ಸಾವು ಕೊಟ್ಟೆ ಕಣೋ. ಬರೋ ವರ್ಷ ಹುಲಿ ಇಡು."

ನೂಮಾನನಿಗೆ ಆ ಡಬ್ಬಿಯನ್ನು ಅವನ ಮುಖಕ್ಕೆ ಎಸೆಯಬೇಕೆನಿಸಿತ್ತು. ಎಸೆಯಲಿಲ್ಲ. ತಾನೂ ಒಂದು ತಿಂದ.

*

ಸಾಮಿಲ್ ಮನೆಯ ಹುಜೈಫಾ ಬಂದಾಗ ತಿಮ್ಮಯ್ಯ ಓಣಿಯ ಕಟ್ಟೆಯ ಮೇಲೆ ಕೂತು, ಕೇಳಿದವರಿಗೆಲ್ಲ ಅದನ್ನೇ ಹೇಳುತ್ತಿದ್ದ. "ಏನೂ ಆಗ್ಲಿಲ್ಲ ಕಣ್ರಪ್ಪ. ಕೊಳವೆ ಮ್ಯಾಲೆ ಕೈ ಮಡಿಕ್ಕಂಡು ಗೋಡೆಗೊರಗಿ ಕುಂತಿದ್ದ. ನಿದ್ದೆ ಹತ್ಕತೇನೋ ಅಂತ ನಾನು ಸುಮ್ನಾದೆ. ವರ್ಸಾ ವರ್ಸಾ ನಮ್ಮಳ್ಳಿಗೆ ಸಾಯೋಕೆ ಅಂತ್ಲೇ ಬರೋನು. ಈ ಸಲ ಮಾತು ಉಳಿಸ್ಕಂಡ."

ದೊಡ್ಡ ಸಾಹೇಬರು ಕಾಲವಾಗಿ ಈಗ ಪದ್ಧತಿ ಮಗ ಹುಜೈಫಾನ ಕೈಗೆ ಬಂದಿತ್ತು. ಅವನೂ ನೂಮಾನನೂ ಒಂದೇ ಕ್ಲಾಸಿನಲ್ಲಿ ಕೂತವರು. ಸ್ಟೇಜಿನ ಮೇಲೆ ಬಟ್ಟೆಯ ಪೊಟ್ಟಣ ಕೊಡುತ್ತಿದ್ದ ಹುಡುಗ ಅವನು, ಈಸಿಕೊಳ್ಳುತ್ತಿದ್ದವನು ಇವನು. ಅಂದಿನಿಂದ ಇವನು ಅವನಿಗೆ ನೀನು, ಅವನು ಇವನಿಗೆ ನೀವು. ಮೀಸೆ ಬಂದ ಮೇಲೂ ನೂಮಾನನಿಗೆ ಬಿಡುಗಡೆ ಸಿಗಲಿಲ್ಲ. ಸಾಮಿಲ್ ಕಾಂಪೌಂಡಿನ ಗೋಡೆಗೆ ಒರಗಿಸಿ ಒಂದು ಅಂಗಡಿಯ ಜಾಗ ಕೊಟ್ಟು, ನಮ್ಮ ಮನೆತನ ಮುಂದೆ ತಂದ ಯತೀಮ್ ಎಂದು ವರ್ಷವರ್ಷವೂ ಸ್ಟೇಜಿಗೆ ಕರೆಯುತ್ತಿದ್ದರು. ನೂಮಾನ್ ಹೋಗುತ್ತಿದ್ದ. ಅಸದುಲ್ಲಾ ಹಂಪಾಪುರದ ಬಸ್ಸು ಹತ್ತುತ್ತಿದ್ದ. ಇವತ್ತು ಬೆಳಿಗ್ಗೆಯೂ ಹತ್ತಿದ್ದ.

ಹುಜೈಫಾ ಹೆಣಕ್ಕೆ ಸುತ್ತುವ ಕಫನಿನ ಬಿಳಿ ಬಟ್ಟೆಯನ್ನು ತಾನೇ ಹೊತ್ತು ತಂದಿದ್ದ. ನೂಮಾನನನ್ನು ತಬ್ಬಿಕೊಂಡು, ಹಾಗೇ ಅಂಗಡಿಯ ಮರೆಗೆ ಕರೆದುಕೊಂಡು ಹೋದ.

"ಅಲ್ಲಾಹನ ಮರ್ಜಿ ನೂಮಾನ್. ಆದರೆ ಆ ಮುಅಜ್ಜಿನ್‌ಗೆ ತಲೆ ಬೇಡ್ವಾ? ಮೈಕಲ್ಲಿ ಯತೀಮ್ ಅಂತಾನೂ ಅನ್ನೋದು, ತಂದೆ ಅಂತಾನೂ ಅನ್ನೋದು!"

"ಎರಡೂ ನಿಜ ಅಲ್ವಾ?"

"ತಮಾಷೆ ಮಾಡೋ ಹೊತ್ತಲ್ಲ ಇದು. ಮೈಸೂರಿನವರು ಆಗಲೇ ಬಂದು ಮನೇಲಿ ಕೂತಿದ್ದಾರೆ. ಬರೋ ವರ್ಷ ಹುಡುಗರಿಗೆ ಹಾಸ್ಟೆಲ್ ಕಟ್ಟಿಸಿಕೊಡೋ ಮಾತಾಡ್ತಿದ್ದಾರೆ. ಸ್ಟೇಜ್ ಹಿಂದೆ ಪೂರ್ತಿ ನಿಂದೇ ಫೋಟೋ ಹಾಕ್ಸಿದ್ದೀನಿ." ಹುಜೈಫಾ ದನಿ ತಗ್ಗಿಸಿದ. "ಯಾರಾದ್ರೂ ಕೇಳಿದ್ರೆ ಚಾಚಾ ಅಂದುಬಿಡು. ಅಪ್ಪ ಹೋದ ಮೇಲೆ ಸಾಕಿದ ಚಿಕ್ಕಪ್ಪ. ಒಂದು ದಿನದ ಮಾತು."

ಗೋಡೆಯ ಗಡಿಯಾರ, ಮನೆ, ಸಾಮಿಲ್ಲು, ಎಲ್ಲದರ ಜೊತೆ ಹುಜೈಫಾನಿಗೆ ಅಪ್ಪನ ಬಾಯಿಯ ಆ ಮಾತೂ ಪಿತ್ರಾರ್ಜಿತವಾಗಿ ಬಂದಿತ್ತು.

"ಜನಾಜಾ ಶಾಮಿಯಾನದ ಒಳಗಿಂದಾನೇ ಹೋಗ್ಬೇಕು," ಎಂದ ನೂಮಾನ್. "ನೀವು ದಾರಿಗಡ್ಡ ಕಟ್ಟಿದ್ದೀರಿ."

"ಹಿಂದಿನ ಗಲ್ಲೀಲಿ ತಗೊಂಡು ಹೋಗಿ."

"ಅಲ್ಲಿ ಮನುಷ್ಯ ಅಡ್ಡಡ್ಡ ನಡೀಬೇಕು. ಹೆಣ ಹೆಂಗೆ ತಿರುಗುತ್ತೆ?"

ಹುಜೈಫಾ ಅಂಗಡಿಯ ತಗಡಿನ ಸೂರನ್ನೊಮ್ಮೆ ನೋಡಿದ. ಆಮೇಲೆ ಕೈಯಿಂದ ತನ್ನ ಗೋಡೆಯನ್ನು ಒಮ್ಮೆ ತಟ್ಟಿದ. "ನಿನ್ನ ಅಂಗಡಿ ಯಾವ ಗೋಡೆಗೆ ಒರಗಿದೆ ಅನ್ನೋದು ನೆನಪಿರಲಿ," ಎಂದು ಹೇಳಿ, ಕಫನಿನ ಬಟ್ಟೆ ಕೊಟ್ಟು ಹೋದ.

*

ಒಳಗೆ ಹೆಂಗಸರು ತುಂಬಿದ್ದರು. ನೂಮಾನನ ಹೆಂಡತಿ ಉಮ್ಮೆ ಹಾನಿ ಅವನನ್ನು ಅಡುಗೆಮನೆಯ ಬಾಗಿಲಿಗೆ ಕರೆದಳು. ಅವಳು ಗೋಡೆಯಾಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಚಾಚಾ ಅಂದ್ರೆ ನಿಮ್ಮ ಗಂಟೇನು ಹೋಗುತ್ತೆ? ಅವರು ಕೇಳಿಸ್ಕೊಳ್ತಾರಾ? ಅಂಗಡಿ ಹೋದ್ರೆ ಮಗು ಜೋಯಾನ ಕರ್ಕೊಂಡು ಎಲ್ಲಿ ನಿಲ್ಲೋಣ?"

"ಸುಮ್ನಿರು."

"ಇಷ್ಟು ವರ್ಷ ಅವರಿದ್ದಾಗಲೇ ಇಲ್ಲ ಅಂದ್ರಿ. ಈಗ ಇಲ್ಲದಾಗ ಇದ್ರು ಅನ್ನೋಕೆ ಹೊರಟಿದ್ದೀರಾ?"

ನೂಮಾನ್ ಅಲ್ಲಿಂದ ಒಳಗೆ ನಡೆದ. ನಡುಮನೆಯಲ್ಲಿ ಅವನ ತಾಯಿ ಜೀನತುನ್ನೀಸಾ ಗೋಡೆಗೊರಗಿ ಕೂತಿದ್ದಳು. ನೆರೆಯ ಮುದುಕಿಯೊಬ್ಬಳು ಅವಳ ಕರಿಮಣಿ ತೆಗೆಯಲು ಅಳುತ್ತಾ ಕೈ ಚಾಚಿದಳು. ಜೀನತುನ್ನೀಸಾ ಆ ಕೈಯನ್ನು ಪಕ್ಕಕ್ಕೆ ಸರಿಸಿದಳು.

"ನನಗೆ ಬರುತ್ತೆ ಬಿಡವ್ವ. ವರ್ಷವರ್ಷ ಬಿಚ್ಚಿ ರೂಢಿಯಾಗಿದೆ."

ಅವಳು ಕತ್ತಿನ ಹಿಂದೆ ಕೈ ಹಾಕಿ ಒಂದೇ ಸಲಕ್ಕೆ ಕೊಂಡಿ ಕಳಚಿದಳು. ಬಳೆಗಳನ್ನು ಒಡೆಯಲು ಬಿಡಲಿಲ್ಲ. ಮುಷ್ಟಿ ಕಿರಿದು ಮಾಡಿ ಒಂದೊಂದಾಗಿ ಜಾರಿಸಿ ತೆಗೆದಳು. ಸೀರೆಯ ಸಾಲಿಗೆ ಹೋಗುವ ಬೆಳಿಗ್ಗೆ ಹಾಗೇ ತೆಗೆದು, ರಾತ್ರಿ ಹಾಗೇ ಮತ್ತೆ ಹಾಕಿಕೊಳ್ಳುತ್ತಿದ್ದಳು. ಕಡೆಯ ಬಳೆ ಕೈಯಲ್ಲಿರುವಾಗ ಮಗನ ಕಡೆ ತಿರುಗಿದಳು.

"ಚಾಚಾ ಅಂತೀಯೇನೋ?"

ಅವಳು ಬಳೆಯ ಕೈಯನ್ನು ಅವನ ಮುಂದೆ ಚಾಚಿದಳು.

"ಹಂಗೇ ಅನ್ನೋದಾದ್ರೆ ಈಗ್ಲೇ ಹೇಳು. ನಿನ್ನ ಚಾಚಾ ಸತ್ರೆ ನಾನ್ಯಾಕೆ ಬಳೆ ತೆಗೀಬೇಕು?"

ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ಅವನ ಮುಖ ನೋಡಿದರು. ಅವನು ಹಿತ್ತಿಲಿಗೆ ಹೋದ.

ಹಿತ್ತಿಲಲ್ಲಿ ಸೀರೆಗಳನ್ನು ಕಟ್ಟಿ ಮರೆ ಮಾಡಿ ಹೆಣಕ್ಕೆ ಸ್ನಾನ ಮಾಡಿಸುತ್ತಿದ್ದರು. ಮುನೀರ್ ನೀರು ತುಂಬಿ ತುಂಬಿ ಕೊಡುತ್ತಿದ್ದ. ಬೆಳಿಗ್ಗೆ ನಕ್ಕದ್ದಕ್ಕೆ ಈಗ ಎಲ್ಲರಿಗಿಂತ ಹೆಚ್ಚು ಓಡಾಡುತ್ತಿದ್ದ.

"ಮನಸ್ಸಿಗೆ ಹಚ್ಕೋಬೇಡ ಕಣೋ. ಒಂದು ವಿಷಯ ಗೊತ್ತಾ? ಇವತ್ತಿಂದ ನೀನು ಯತೀಮ್ ಅಲ್ಲ. ಗಡ್ಡ ಬಂದವನಿಗೆ ಅಪ್ಪ ಸತ್ರೆ ಆ ಪೋಸ್ಟ್ ಕೊಡಲ್ಲ. ಅಪ್ಪ ಇರೋವರೆಗೂ ಯತೀಮ್ ಆಗಿದ್ದೆ, ಅಪ್ಪ ಸತ್ತ, ಡಿಸ್ಮಿಸ್!"

"ನಿನ್ನ ಮಗ ಈ ಸಲ ಸಾಲಲ್ಲಿ ಇದ್ದಾನಂತೆ?"

ಮುನೀರ್ ಬಕೆಟ್ಟು ಕೆಳಗಿಟ್ಟ. "ಏನು ಮಾಡೋದು? ಬಟ್ಟೆ ಚೆನ್ನಾಗಿ ಕೊಡ್ತಾರೆ. ಗಾರೆ ಬಾಬೂನ ಮಕ್ಳೂ ಇದ್ದಾರೆ. ಹುಡುಗರು ಕಮ್ಮಿ ಬಿದ್ದಿದ್ರು ಅಂತ ಹುಜೈಫಾ ಭಾಯ್ ಹೇಳಿ ಕಳ್ಸಿದ್ರು. ಇವತ್ತು ನಾನೂ ಬಾಬೂನೂ ಸತ್ತೋದವರು."

"ಏನಾಗಿ ಸತ್ತೆ?"

"ಕೊರೋನಾ. ಅದು ಸಲೀಸು, ಮುಂದಕ್ಕೆ ಯಾರೂ ಏನೂ ಕೇಳಲ್ಲ." ಅವನು ಅತ್ತಿತ್ತ ನೋಡಿ ಎದೆ ಸೆಟೆಸಿದ. "ಆದ್ರೆ ನೀನು ಹೆದರ್ಬೇಡ. ಅಪ್ಪ ಅಂತಾನೇ ಹೇಳು. ಯಾರಪ್ಪಂದೇನು ಭಯ? ಶಾಮಿಯಾನದ ಮಧ್ಯದಲ್ಲೇ ತಗೊಂಡು ಹೋಗೋಣ. ಮುಂದಿನ ಹೆಗಲು ನಂದು. ಬಾಬು ನನ್ನ ಹಿಂದೆ. ಅಸದುಲ್ಲಾ ಚಾಚಾನ್ನ ರಾಜನ ಥರ ಕಳಿಸೋಣ."

ಬಾಬು ಸೋಪಿನ ಕೈಯನ್ನು ಒರೆಸಿಕೊಳ್ಳುತ್ತಾ ಹೌದೆಂದು ತಲೆಯಾಡಿಸಿದ.

*

ಅಸರ್ ನಮಾಜು ಮುಗಿದದ್ದೇ ಹೆಣದ ಮಂಚ ಎದ್ದಿತು. ಮುಂದಿನ ಎಡ ಹೆಗಲು ನೂಮಾನನದು, ಬಲ ಹೆಗಲು ಮುನೀರನದು. ಹಿಂದೆ ಬಾಬು, ಅವನ ಪಕ್ಕದಲ್ಲಿ ಇಟ್ಟಿಗೆ ಗಾಡಿ ಹೊಡೆಯುವ ಇಬ್ಬರು. ಕಲಿಮಾ ಹೇಳುತ್ತಾ ಹತ್ತಾರು ಜನ ಹಿಂದೆ ನಡೆದರು. ತಿಮ್ಮಯ್ಯ ಎಲ್ಲಿ ನಡೆಯಬೇಕೆಂದು ತಿಳಿಯದೆ ಒಂದು ಪಕ್ಕದಲ್ಲಿ ಬರುತ್ತಿದ್ದ. ಅಸದುಲ್ಲಾ ಸಣಕಲು ಮನುಷ್ಯ, ಮಂಚ ಹಗುರವಾಗಿತ್ತು.

ಓಣಿ ತಿರುಗಿದ್ದೇ ಶಾಮಿಯಾನ ಕಂಡಿತು. ಕೆಂಪು ಹಳದಿ ಪಟ್ಟೆಯ ಕೆಳಗೆ ಕುರ್ಚಿಗಳು, ಸ್ಟೇಜು, ಸ್ಟೇಜಿನ ಹಿಂದೆ ಆಳೆತ್ತರದ ಫ್ಲೆಕ್ಸು. ಫ್ಲೆಕ್ಸಿನಲ್ಲಿ ಉದ್ದ ಪ್ಯಾಂಟಿನ ಹುಡುಗನೊಬ್ಬ ನಿಂತಿದ್ದ. ತಲೆಯ ಮೇಲೆ ದೊಡ್ಡ ಸಾಹೇಬರ ಕೈ. 'ಅಂದಿನ ಯತೀಮ್, ಇಂದಿನ ಮಾಲೀಕ' ಎಂದು ಬರೆದಿತ್ತು. ಒಂದು ಪಕ್ಕದಲ್ಲಿ ಹುಡುಗರು ಸಾಲಾಗಿ ನಿಂತಿದ್ದರು, ಮುನೀರನ ಮಗ, ಬಾಬುವಿನ ಮಕ್ಕಳು, ಇಟ್ಟಿಗೆ ಗಾಡಿಯವರ ಹುಡುಗರು. ಮೈಕಿನಲ್ಲಿ ಹುಜೈಫಾನ ದನಿ ಕೇಳುತ್ತಿತ್ತು.

ಮಂಚ ಭಾರವಾಯಿತು.

ಮೊದಲು ಅದು ತನ್ನ ಮನಸ್ಸಿನದೇ ಭಾರವೆಂದು ನೂಮಾನ್ ಅಂದುಕೊಂಡ. ಮತ್ತೆರಡು ಹೆಜ್ಜೆಗೆ ಮಂಚದ ಹಿಂಭಾಗ ಜಗ್ಗಿತು. ಅವನು ಬಲಕ್ಕೆ ನೋಡಿದ. ಮುನೀರ್ ಇರಲಿಲ್ಲ. ಅವನ ಜಾಗಕ್ಕೆ ಬೇಕರಿ ನೂಮಾನ್ ಮಂಚದ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಏದುತ್ತಿದ್ದ. ಹಿಂದೆ ಬಾಬು ಇರಲಿಲ್ಲ. ಇಟ್ಟಿಗೆ ಗಾಡಿಯವರೂ ಇರಲಿಲ್ಲ. ಹಿಂದಿನ ಗಲ್ಲಿಯ ಬಾಯಲ್ಲಿ ಒಂದು ಬಿಳಿ ಟೋಪಿ ಅಡ್ಡಡ್ಡವಾಗಿ ಒಳಗೆ ಸರಿಯುತ್ತಿತ್ತು.

"ಬೀಳ್ತದೆ ಕಣ್ರೋ!" ತಿಮ್ಮಯ್ಯ ಹಿಂದಿನ ಮೂಲೆಗೆ ಓಡಿ ಬಂದು ಹೆಗಲು ಕೊಟ್ಟ. "ಎಲ್ಲಿಗೋದ್ರಲಾ ಇವ್ರೆಲ್ಲಾ? ಈಗಿದ್ರಲ್ಲ!"

ತಿಮ್ಮಯ್ಯ ಎತ್ತರದ ಆಳು, ಇನ್ನೊಂದು ಮೂಲೆ ಹಿಡಿದ ಮುದುಕರು ಗಿಡ್ಡ. ಮಂಚ ಒಂದು ಮೂಲೆಗೆ ವಾಲಿಕೊಂಡೇ ಶಾಮಿಯಾನದೊಳಗೆ ಹೋಯಿತು. ಕುರ್ಚಿಗಳನ್ನು ಎಳೆದು ದಾರಿ ಮಾಡಿದರು. ಮುಂದಿನ ಸಾಲಿನ ಅತಿಥಿಗಳು ಎದ್ದು ನಿಂತರು. ಅವರಲ್ಲಿ ಹಿರಿಯರಾಗಿದ್ದ, ಬೂದು ಕೋಟಿನ ಒಬ್ಬರು ಸ್ಟೇಜಿನ ಕಡೆ ನೋಡಿ ಕೇಳಿದರು.

"ಯಾರು ಹೋಗಿದ್ದು?"

ಹುಜೈಫಾ ಮೈಕು ಹಿಡಿದೇ ಕೆಳಗಿಳಿದು ಬಂದ. ನೂಮಾನನ ಮುಖವನ್ನು ಒಮ್ಮೆ ನೋಡಿದ. "ಮೊಹಲ್ಲಾದ ಹಿರಿಯರು ಸರ್. ನಮ್ಮ ನೂಮಾನ್ ಇದ್ದಾರಲ್ಲ, ಫೋಟೋದಲ್ಲಿರೋರು, ಇವರ ಚಾ..."

"ಅಪ್ಪ," ಎಂದ ನೂಮಾನ್.

ಮೈಕು ಹತ್ತಿರವೇ ಇತ್ತು. ಆ ಮಾತು ಎರಡೂ ಸ್ಪೀಕರಿನಲ್ಲಿ ಹೋಗಿ ಓಣಿಯ ಆ ತುದಿಗೆ ತಾಗಿ ಬಂತು. ಅದು ತನ್ನದೇ ದನಿಯೆಂದು ತಿಳಿಯಲು ನೂಮಾನನಿಗೆ ಒಂದು ಕ್ಷಣ ಹಿಡಿಯಿತು. ಇಷ್ಟು ಹೇಳಿದ ಮೇಲೆ ಉಳಿದದ್ದನ್ನು ಇಟ್ಟುಕೊಂಡು ಮಾಡುವುದೇನಿತ್ತು?

"ನಮ್ಮಪ್ಪ. ಅಸದುಲ್ಲಾ ಅಂತ ಹೆಸರು. ಬ್ಯಾರನ್ ಕೊಳವೆ ಮಾಡ್ತಿದ್ರು. ಆನೆ ತುಳಿದಿಲ್ಲ. ಇವತ್ತು ಬೆಳಿಗ್ಗೆ ಸತ್ರು."

ಬೂದು ಕೋಟಿನವರು ಒಮ್ಮೆ ಫ್ಲೆಕ್ಸು ನೋಡಿದರು, ಒಮ್ಮೆ ಮಂಚ ನೋಡಿದರು. ಅವರಿಗೆ ಆನೆಯ ವಿಷಯ ಅರ್ಥವಾಗಲಿಲ್ಲ. ಆದರೂ ದೊಡ್ಡವರು, ಕೆಲವೊಂದು ಅರ್ಥವಾಗದಿದ್ದರೇ ಒಳ್ಳೆಯದೆಂದು ತಿಳಿದವರು. ಕಣ್ಣು ಮುಚ್ಚಿ ದುವಾ ಮಾಡಿದರು. ಹುಡುಗರ ಸಾಲು ನೆಲ ನೋಡುತ್ತಿತ್ತು. ಹುಜೈಫಾನ ಕಿವಿಗಳು ಕೆಂಪಾಗಿದ್ದವು. ಕ್ಯಾಮೆರಾದವನು ಕ್ಯಾಮೆರಾ ಇತ್ತ ತಿರುಗಿಸಿದ್ದನ್ನು ನೋಡಿ ಅವನು ಮೈಕನ್ನು ಯಾರದೋ ಕೈಗೆ ಕೊಟ್ಟು ಮುಂದೆ ಬಂದ, ಬೇಕರಿ ನೂಮಾನನನ್ನು ಸರಿಸಿ ಮಂಚಕ್ಕೆ ಹೆಗಲು ಕೊಟ್ಟ.

"ನಾಳೆ ಅಂಗಡಿ ಬೀಗದ ಕೈ ಮನೆಗೆ ತಂದುಕೊಡು," ಎಂದ, ಕಲಿಮಾದ ನಡುವೆ, ತುಟಿ ಅಲ್ಲಾಡಿಸದೆ.

"ತರ್ತೀನಿ," ಎಂದ ನೂಮಾನ್.

ಶಾಮಿಯಾನ ಮುಗಿಯುವವರೆಗೆ ಹುಜೈಫಾ ಹೊತ್ತ. ಚೊಕ್ಕ ಮಾಡಿದ ಚರಂಡಿಯೂ ಅಲ್ಲಿಗೇ ಮುಗಿದಿತ್ತು. ಅಲ್ಲಿ ಹೆಗಲು ತಪ್ಪಿಸಿ, ಅಂಗಿ ಕೊಡವಿಕೊಂಡು ಹಿಂದಿರುಗಿದ. ಮಂಚ ಮತ್ತೆ ಬಲಕ್ಕೆ ಕುಸಿಯಿತು. ಹಿಂದೆ ಮೈಕಿನಲ್ಲಿ ಯಾರೋ ಮೊದಲನೇ ಹುಡುಗನ ಹೆಸರು ಕೂಗಿದರು.

ಮುಂದೆ ಹಿಂದಿನ ಗಲ್ಲಿ ಬಂದು ಓಣಿಗೆ ಸೇರುತ್ತಿತ್ತು. ಅದರ ಇಕ್ಕಟ್ಟು ಬಾಯಿಂದ ಮೊದಲು ಮುನೀರ್ ಅಡ್ಡಡ್ಡವಾಗಿ ಹೊರಬಂದ. ಆಮೇಲೆ ಬಾಬು. ಆಮೇಲೆ ಇಟ್ಟಿಗೆ ಗಾಡಿಯ ಇಬ್ಬರು. ಅವರ ಹಿಂದೆ ಇನ್ನೂ ಯಾರ್ಯಾರೋ, ನೂಮಾನ್ ಎಣಿಸಿರದಷ್ಟು ಜನ. ಗೋಡೆಗೆ ಉಜ್ಜಿ ಎಲ್ಲರ ಎದೆಗೂ ಬೆನ್ನಿಗೂ ಬಿಳಿ ಸುಣ್ಣ ಮೆತ್ತಿತ್ತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಟೋಪಿ ಸರಿ ಮಾಡಿಕೊಂಡು, ಸತ್ತವರೆಲ್ಲ ಒಬ್ಬೊಬ್ಬರಾಗಿ ಬಂದು ಮಂಚಕ್ಕೆ ಹೆಗಲು ಕೊಟ್ಟರು.